ಮಾತಿನಿಂದ ಬಳಗ: ಮೈಸೂರು, ಮಂಡ್ಯದವರು ಪದೇ ಪದೇ ಕೇಳುವ ಪ್ರಶ್ನೆಗಳು

ವಾರಕ್ಕೊಮ್ಮೆ ಸೇರಿ ಮಾತಾಡುವ ಸಣ್ಣ ಬಳಗವೊಂದು ಮೈಸೂರಿನಲ್ಲಿ ನಮ್ಮದಿದೆ. ಅದನ್ನು ನೋಡಿದವರು, ತಮ್ಮ ಬಡಾವಣೆಯಲ್ಲೋ ಊರಲ್ಲೋ ಅಂಥದ್ದೊಂದು ಆಗಬೇಕು ಅನ್ನಿಸಿದವರು ಎದುರು ಸಿಕ್ಕಾಗ, ಫೋನಿನಲ್ಲಿ, ಪತ್ರದಲ್ಲಿ ಕೇಳಿದ್ದನ್ನೆಲ್ಲ ಇಲ್ಲಿ ಒಟ್ಟು ಮಾಡಿದ್ದೇನೆ. ಪ್ರಶ್ನೆಗಳು ಅವರವರ ಮಾತಿನಲ್ಲೇ ಇವೆ. ನಿಮಗೆ ಬೇಕಾದದ್ದನ್ನು ಮಾತ್ರ ಓದಿಕೊಂಡರೂ ಸಾಕು.

## ಈಗಷ್ಟೇ ಶುರು ಮಾಡುವವರಿಗೆ

ಮೈಸೂರಿಗೆ ಬಂದು ವರ್ಷ ಆಯ್ತು. ಎಲ್ಲರೂ ನಗ್ತಾರೆ, ನಮಸ್ಕಾರ ಅಂತಾರೆ. ಸ್ನೇಹ ಅಂತ ಒಬ್ಬರದ್ದೂ ಇಲ್ಲ. ನನ್ನಲ್ಲೇ ಏನಾದ್ರೂ ಕೊರತೆ ಇದೆಯಾ?

ನಿಮ್ಮಲ್ಲಿ ಕೊರತೆಯಿಲ್ಲ. ಒಟ್ಟಿಗೆ ಕಳೆದ ಹೊತ್ತು ಸಾಲದು, ಅಷ್ಟೇ. ಅಮೆರಿಕದ ಕಾನ್ಸಾಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ ಎಂಬ ಸಂಶೋಧಕರು ಹೊಸ ಊರಿಗೆ ಬಂದವರನ್ನೂ ಕಾಲೇಜಿಗೆ ಹೊಸದಾಗಿ ಸೇರಿದವರನ್ನೂ ಕೇಳಿ ನೋಡಿ ಒಂದು ಅಂದಾಜು ಕೊಟ್ಟರು: ಬರೀ ಪರಿಚಯ ಸಾಧಾರಣ ಸ್ನೇಹವಾಗಲು ಸುಮಾರು 50 ಗಂಟೆ ಬೇಕು, ಆಪ್ತ ಸ್ನೇಹವಾಗಲು 200 ಗಂಟೆಗೂ ಹೆಚ್ಚು.

ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಎದುರಾಗುವವರ ಜೊತೆ ದಿನಕ್ಕೆ ಒಂದು ನಿಮಿಷ ಮಾತಾಡುತ್ತೀರಿ ಎಂದಿಟ್ಟುಕೊಳ್ಳಿ. ಒಂದು ದಿನವೂ ತಪ್ಪದಿದ್ದರೂ ವರ್ಷಕ್ಕೆ ಅದು ಆರು ಗಂಟೆ ಚಿಲ್ಲರೆ. ಅದೇ ಮನುಷ್ಯರ ಜೊತೆ ವಾರಕ್ಕೊಂದು ಗಂಟೆ ಒಟ್ಟಿಗೆ ನಡೆದರೆ ವರ್ಷದೊಳಗೆ 50 ದಾಟುತ್ತದೆ. ಮೈಸೂರಿನವರು ಸಂಕೋಚದ ಜನ, ತಾವಾಗಿ ಮೇಲೆ ಬಿದ್ದು ಕರೆಯುವುದು ಕಡಿಮೆ. ಹಾಗಾಗಿ ನೀವೇ ಕರೆಯಿರಿ. ನಮಸ್ಕಾರ ಹೇಳುವ ಹತ್ತು ಮುಖಗಳಲ್ಲಿ ಒಬ್ಬರನ್ನು ಆರಿಸಿ, "ಈ ಭಾನುವಾರ ಜೊತೇಲಿ ಒಂದು ಸುತ್ತು ಹಾಕೋಣ್ವಾ ಸಾರ್?" ಎಂದು ಕೇಳಿ.

'ತಿಂಡಿ ಆಯ್ತಾ' ಅಂದ್ಮೇಲೆ ಏನು ಕೇಳ್ಬೇಕೋ ತೋಚಲ್ಲ. ಮಾತು ಅಲ್ಲಿಗೇ ನಿಂತುಹೋಗುತ್ತೆ.

ಮೊದಲ ಪ್ರಶ್ನೆಯ ಬಗ್ಗೆ ಚಿಂತೆ ಬೇಡ, ತಿಂಡಿಯೇ ಸಾಕು. ಬಳಗ ಹುಟ್ಟುವುದು ಎರಡನೆಯ ಪ್ರಶ್ನೆಯಿಂದ. ಆ ಪ್ರಶ್ನೆಯನ್ನು ಮನೆಯಿಂದ ಯೋಚಿಸಿಕೊಂಡು ಹೋಗಲು ಆಗುವುದಿಲ್ಲ, ಎದುರಿನವರ ಉತ್ತರದೊಳಗೇ ಅದು ಇರುತ್ತದೆ.

"ತಿಂಡಿ ಆಯ್ತಾ?" ಅಂದಿರಿ. "ಆಯ್ತು, ಮನೇಲಿ ಯಾರೂ ಇಲ್ಲ, ನಾನೇ ಉಪ್ಪಿಟ್ಟು ಕೆದಕಿಕೊಂಡೆ" ಅಂದರು. ನಮ್ಮಲ್ಲಿ ಹೆಚ್ಚಿನವರು ಇಲ್ಲಿ "ನಮ್ಮನೇಲಿ ಇವತ್ತು ಇಡ್ಲಿ" ಎಂದುಬಿಡುತ್ತೇವೆ. ಮಾತು ನಮ್ಮ ಕಡೆ ತಿರುಗಿ ಅಲ್ಲೇ ಮುಗಿಯುತ್ತದೆ. ಅವರು ಕೊಟ್ಟ ಎಳೆ ಉಪ್ಪಿಟ್ಟಲ್ಲ, 'ಮನೇಲಿ ಯಾರೂ ಇಲ್ಲ' ಎನ್ನುವುದು. "ಎಲ್ಲಿಗೆ ಹೋಗಿದ್ದಾರೆ?" ಎಂದು ಕೇಳಿ. "ಮಗಳು ಧಾರವಾಡದಲ್ಲಿ ಹೊಸ ಕೆಲಸಕ್ಕೆ ಸೇರಿದಾಳೆ, ಮನೆ ಹೊಂದಿಸಿ ಕೊಡೋಕೆ ಅವರಮ್ಮ ಹೋಗಿದಾರೆ." "ಅವಳು ಒಬ್ಬಳೇ ಇರೋದು ಇದೇ ಮೊದಲಾ?" ಎರಡೇ ಪ್ರಶ್ನೆಗೆ ತಿಂಡಿ ದಾಟಿ, ಅವರು ರಾತ್ರಿ ಯೋಚಿಸುತ್ತ ಮಲಗುವ ವಿಷಯಕ್ಕೆ ಬಂದಿರುತ್ತೀರಿ.

2017ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಅಪರಿಚಿತರ ಮಾತುಕತೆಗಳನ್ನು ಪರಿಶೀಲಿಸಿ ಇದನ್ನೇ ಕಂಡರು. ಹೆಚ್ಚು ಪ್ರಶ್ನೆ ಕೇಳಿದವರು ಎದುರಿನವರಿಗೆ ಹೆಚ್ಚು ಇಷ್ಟವಾದರು. ಅದರಲ್ಲೂ ಕೆಲಸ ಮಾಡಿದ್ದು, ಕೇಳಿಸಿಕೊಂಡ ಉತ್ತರದಿಂದ ಹುಟ್ಟಿದ ಪ್ರಶ್ನೆಗಳು.

ಎರಡು ಎಚ್ಚರಿಕೆ. ಒಂದರ ಮೇಲೊಂದು ಪ್ರಶ್ನೆ ಹಾಕುತ್ತಲೇ ಹೋದರೆ ವಿಚಾರಣೆ ಮಾಡಿದಂತಾಗುತ್ತದೆ. ಎರಡು ಮೂರು ಕೇಳಿದ ಮೇಲೆ ನಿಮ್ಮದೂ ಒಂದು ಹೇಳಿ. ಇನ್ನೊಂದು, 'ಯಾಕೆ' ಎನ್ನುವುದು ನಮ್ಮ ಕಿವಿಗೆ ಆಕ್ಷೇಪಣೆಯ ಹಾಗೆ ಕೇಳುತ್ತದೆ. "ಯಾಕೆ ಕೆಲಸ ಬಿಟ್ರಿ?" ಅನ್ನುವ ಬದಲು "ಬಿಟ್ಟ ಮೇಲೆ ಹೇಗನ್ನಿಸ್ತಿದೆ?" ಎಂದು ಕೇಳಿ ನೋಡಿ, ಬರುವ ಉತ್ತರವೇ ಬೇರೆ.

ಸಂಬಳ ಎಷ್ಟು, ಮದುವೆ ಯಾವಾಗ, ಮಕ್ಕಳಾಗಲಿಲ್ಲವಾ: ಈ ಮೂರನ್ನು ಅವರಾಗಿ ಎತ್ತದ ಹೊರತು ಮುಟ್ಟಬೇಡಿ.

ಮಾತಾಡಿ ಮನೆಗೆ ಬಂದ್ಮೇಲೆ 'ನಾನು ಹೇಳಿದ್ದು ಅತಿ ಆಯ್ತೇನೋ, ಏನಂದ್ಕೊಂಡ್ರೋ' ಅಂತ ಕೊರೀತಾ ಇರುತ್ತೆ.

ಹೆಚ್ಚಿನವರಿಗೆ ಹೀಗೇ ಅನ್ನಿಸುತ್ತದೆ, ಮತ್ತು ಹೆಚ್ಚಿನ ಸಲ ಅದು ತಪ್ಪು ಅಂದಾಜು. 2018ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಅಪರಿಚಿತರನ್ನು ಜೋಡಿ ಮಾಡಿ ಮಾತಾಡಿಸಿ, ಆಮೇಲೆ ಇಬ್ಬರನ್ನೂ ಬೇರೆ ಬೇರೆ ಕೇಳಿದರು. ತಾವು ಎದುರಿನವರಿಗೆ ಎಷ್ಟು ಹಿಡಿಸಿದೆವು ಎಂದು ಜನ ಊಹಿಸಿದ್ದಕ್ಕಿಂತ ನಿಜಕ್ಕೂ ಹೆಚ್ಚೇ ಹಿಡಿಸಿದ್ದರು. ನೀವು ಕೊರಗುತ್ತಿರುವ ಹೊತ್ತಿಗೆ ಅವರೂ ತಮ್ಮ ಮಾತಿನ ಬಗ್ಗೆಯೇ ಕೊರಗುತ್ತಿರಬಹುದು. ಮರುದಿನ ಎದುರಾದರೆ ತಪ್ಪಿಸಿಕೊಂಡು ಹೋಗಬೇಡಿ. ನಿಲ್ಲಿ, ಮಾತಾಡಿಸಿ.

ಮಾತು ಮುಗಿಸೋದೇ ನಂಗೆ ಕಷ್ಟ. ಗೇಟ್ ಹತ್ರ ನಿಂತ್ರೆ ಅರ್ಧ ಗಂಟೆ.

ಇಬ್ಬರಿಗೂ ಬೇಕಾದಾಗಲೇ ಮಾತು ಮುಗಿಯುವುದು ಬಲು ಅಪರೂಪ. 2021ರ ಅಧ್ಯಯನವೊಂದರಲ್ಲಿ ಅಂಥ ಮಾತುಕತೆ 100ಕ್ಕೆ ಎರಡರಷ್ಟು ಮಾತ್ರ ಇತ್ತು. ಆದ್ದರಿಂದ ನೀವೇ ಮುಗಿಸಿದರೆ ಅವಮರ್ಯಾದೆ ಏನಿಲ್ಲ. ಆದರೆ ಒಂದು ಎಳೆ ಉಳಿಸಿ ಹೊರಡಿ: "ಬರ್ತೀನಿ ಅಕ್ಕ, ಹಾಲು ಒಲೆ ಮೇಲಿಟ್ಟು ಬಂದಿದೀನಿ. ಧಾರವಾಡದ ಮನೆ ಏನಾಯ್ತು ಅಂತ ಶನಿವಾರ ಹೇಳಿ." ಶನಿವಾರ ಅದನ್ನು ಮರೆಯದೆ ಕೇಳಿ.

'ನೀವು ಯಾವ ಜನ' ಅಂತ ಕೇಳ್ತಾರೆ. ಅಲ್ಲಿಗೆ ನನಗೆ ಮಾತೇ ಬೇಡ ಅನ್ಸುತ್ತೆ.

ಈ ಪ್ರಶ್ನೆ ಬಂದಷ್ಟು ಸಲ ನನಗೆ ಸಂಕಟವಾಗಿದೆ. ನಮ್ಮ ಕಡೆ ಇದನ್ನು ನೇರವಾಗಿಯೂ ಕೇಳುತ್ತಾರೆ, ಮನೆದೇವರು ಯಾವುದು, ಊರಲ್ಲಿ ಯಾವ ಬೀದಿ, ಮಾಂಸ ತಿಂತೀರಾ ಎಂದು ಸುತ್ತಿ ಬಳಸಿಯೂ ಕೇಳುತ್ತಾರೆ. ಕೆಲವರು ಅಭ್ಯಾಸಬಲದಿಂದ ಕೇಳುತ್ತಾರೆ. ಆದರೆ ಬಾಡಿಗೆ ಮನೆ ಹುಡುಕುವಾಗ ಇದೇ ಪ್ರಶ್ನೆಗೆ ಉತ್ತರ ಹೇಳಿ, "ಮನೆ ಬೇರೆಯವರಿಗೆ ಆಯ್ತು" ಅನ್ನಿಸಿಕೊಂಡು ಬಂದವರಿಗೆ ಅದು ಅಭ್ಯಾಸದ ಮಾತಾಗಿ ಕೇಳುವುದಿಲ್ಲ.

ಉತ್ತರ ಕೊಡಲೇಬೇಕು ಅನ್ನುವ ಹಂಗು ನಿಮಗಿಲ್ಲ. "ನಮ್ಮೂರು ನಾಗಮಂಗಲದ ಹತ್ರ, ನಮ್ಮಪ್ಪ ಮೇಷ್ಟ್ರಾಗಿದ್ರು" ಎಂದು ಊರು, ಕಸುಬಿನ ಕಡೆ ಮಾತು ತಿರುಗಿಸಬಹುದು. "ಅದೆಲ್ಲ ಬೇಡ ಬಿಡಿ ಅಣ್ಣ" ಎಂದು ನೇರವಾಗಿಯೂ ಹೇಳಬಹುದು. ಬಳಗ ಕಟ್ಟುವವರಿಗೆ ನನ್ನ ಮಾತು ಒಂದೇ: ಇಲ್ಲಿ ಜಾತಿ ಕೇಳುವುದಿಲ್ಲ ಎಂಬುದನ್ನು ಮೊದಲ ದಿನವೇ, ಎಲ್ಲರೆದುರು, ಬಾಯಿಬಿಟ್ಟು ಹೇಳಿ. ಎಲ್ಲರಿಗೂ ಗೊತ್ತಿರುತ್ತದೆ ಎಂದು ಸುಮ್ಮನಿದ್ದರೆ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ, ನೊಂದವರು ಮುಂದಿನ ವಾರ ಬರುವುದಿಲ್ಲ. ಯಾಕೆ ಬರಲಿಲ್ಲ ಎನ್ನುವುದು ಉಳಿದವರಿಗೆ ತಿಳಿಯುವುದೂ ಇಲ್ಲ.

ಜನ ಎಲ್ಲಿ ಸಿಗ್ತಾರೆ?

ಅವೇ ಮುಖಗಳು ಅದೇ ಹೊತ್ತಿಗೆ ಮತ್ತೆ ಮತ್ತೆ ಬರುವ ಕಡೆ. ಮೈಸೂರಿನಲ್ಲಾದರೆ ಕುಕ್ಕರಹಳ್ಳಿ, ಲಿಂಗಾಂಬುಧಿ ಕೆರೆಗಳು, ಚಾಮುಂಡಿ ಬೆಟ್ಟದ ಮೆಟ್ಟಿಲು, ವಾರ್ಡಿನ ಗ್ರಂಥಾಲಯ, ರಂಗಾಯಣದ ವಾರಾಂತ್ಯದ ನಾಟಕ. ಮಂಡ್ಯದಲ್ಲಿ ಸರ್ ಎಂ.ವಿ. ಕ್ರೀಡಾಂಗಣದ ಬೆಳಗಿನ ನಡಿಗೆ, ಹಳ್ಳಿಗಳಲ್ಲಿ ಡೇರಿಗೆ ಹಾಲು ಹಾಕುವ ಹೊತ್ತು.

ದೊಡ್ಡ ಸಮಾರಂಭಗಳಿಂದ ಹೆಚ್ಚು ನಿರೀಕ್ಷಿಸಬೇಡಿ. 2024ರ ಡಿಸೆಂಬರಿನಲ್ಲಿ ಮಂಡ್ಯದಲ್ಲಿ ನಡೆದ 87ನೇ ಸಾಹಿತ್ಯ ಸಮ್ಮೇಳನದಂಥ ಕಡೆ ಊಟದ ಸಾಲಿನಲ್ಲಿ ಒಳ್ಳೆಯ ಮಾತು ನಡೆಯಬಹುದು. ನಂಬರ್ ತೆಗೆದುಕೊಂಡು ವಾರದೊಳಗೆ ಫೋನ್ ಮಾಡಿದರೆ ಮಾತ್ರ ಅದು ಉಳಿಯುತ್ತದೆ.

## ಬಳಗ ಕಟ್ಟಲು ಹೊರಟವರಿಗೆ

ಮೊದಲು ವಾಟ್ಸಾಪ್ ಗ್ರೂಪ್ ಮಾಡಿಬಿಡ್ಲಾ?

ಬೇಡ. ವಾಟ್ಸಾಪ್ ಗುಂಪಿಗೆ 1024 ಜನರನ್ನು ಸೇರಿಸಬಹುದು. ಸೇರಿಸಿದವರೆಲ್ಲ ಬಳಗವಾದರು ಎಂಬ ಭ್ರಮೆ ಬರುವುದು ಅಲ್ಲೇ. ಮುಖ ನೋಡದವರ ನಡುವೆ ಮೊದಲ ವಾರ ಪರಿಚಯ, ಎರಡನೇ ವಾರ ಶುಭೋದಯದ ಚಿತ್ರ, ಮೂರನೇ ವಾರ ಯಾರೋ ಕಳಿಸಿದ ರಾಜಕೀಯದ ವಿಡಿಯೊ, ಆಮೇಲೆ ಎಲ್ಲರೂ ಮ್ಯೂಟ್. ಮೂರು ನಾಲ್ಕು ಸಲ ಎದುರುಬದುರು ಕೂತ ಮೇಲೆ ಗುಂಪು ಮಾಡಿ. ಅಲ್ಲಿ 'ಈ ಶನಿವಾರ ಎಲ್ಲಿ, ಎಷ್ಟು ಹೊತ್ತಿಗೆ' ಎನ್ನುವುದು ಮಾತ್ರ ಇರಲಿ.

ಎಷ್ಟು ಜನ ಇದ್ರೆ ಸರಿ?

ಒಂದು ಮಾತುಕತೆಯಲ್ಲಿ ನಾಲ್ಕು ಜನ. ಬ್ರಿಟನ್ನಿನ ರಾಬಿನ್ ಡನ್‌ಬಾರ್ ಮತ್ತು ಸಂಗಡಿಗರು 1990ರ ದಶಕದಲ್ಲಿ ತಾವಾಗಿ ಸೇರಿ ಹರಟುವ ಗುಂಪುಗಳನ್ನು ಗಮನಿಸಿದರು. ಐದನೆಯವರು ಬಂದರೆ ಮಾತು ಬಹುಮಟ್ಟಿಗೆ ಎರಡಾಗಿ ಒಡೆಯುತ್ತಿತ್ತು. ನಿಮ್ಮ ಮನೆಯ ಜಗಲಿಯಲ್ಲೇ ಇದನ್ನು ನೋಡಬಹುದು.

ಬಳಗ ಅದಕ್ಕಿಂತ ದೊಡ್ಡದಿರಬಹುದು. ಎಂಟರಿಂದ ಹನ್ನೆರಡು ನನಗೆ ಸರಿ ಕಂಡಿರುವ ಅಳತೆ. ಒಂದು ಲೆಕ್ಕ ಹಾಕಿ ನೋಡಿ: 5 ಜನರಲ್ಲಿ ಇಬ್ಬಿಬ್ಬರ ಜೋಡಿ 10. ಹತ್ತು ಜನರಲ್ಲಿ 45. ಇಪ್ಪತ್ತು ಜನರಲ್ಲಿ 190. ಜನ ಎರಡರಷ್ಟಾದರೆ, ನಡೆಯಬೇಕಾದ ಮಾತುಕತೆ ನಾಲ್ಕರಷ್ಟಕ್ಕೂ ಹೆಚ್ಚಾಗುತ್ತದೆ. ಹತ್ತು ಜನ ಸೇರಿದಾಗ ಎಲ್ಲರನ್ನೂ ಒಂದೇ ವೃತ್ತದಲ್ಲಿ ಕೂರಿಸಿದರೆ ಒಬ್ಬರು ಮಾತಾಡಿ ಒಂಬತ್ತು ಜನ ಕೇಳುತ್ತಾರೆ. ಮೊದಲ ಮುಕ್ಕಾಲು ಗಂಟೆ ಮೂವರು, ನಾಲ್ವರಾಗಿ ಕೂತು, ಆಮೇಲೆ ಒಟ್ಟು ಸೇರಿ. ಪ್ರತಿ ವಾರ ಗುಂಪು ಬದಲಾಗಲಿ.

ಎಲ್ಲರೂ 'ಖಂಡಿತಾ ಬರ್ತೀವಿ' ಅಂತಾರೆ. ಬರೋದು ಇಬ್ಬರು.

ದಿನ, ಹೊತ್ತು, ಜಾಗ ಮೂರನ್ನೂ ಗಟ್ಟಿ ಮಾಡಿ, ಮತ್ತೆ ಬದಲಾಯಿಸಬೇಡಿ. ಎಲ್ಲರಿಗೂ ಅನುಕೂಲವಾಗುವ ದಿನ ಎಂದು ಕೇಳುತ್ತ ಹೋದರೆ ಅಂಥ ದಿನ ಸಿಗುವುದೇ ಇಲ್ಲ.

ಬೆಳಗಿನ ಚಾಮುಂಡಿ ಎಕ್ಸ್‌ಪ್ರೆಸ್‌ನಲ್ಲಿ ಪಾಸ್ ಇಟ್ಟುಕೊಂಡು ಬೆಂಗಳೂರಿಗೆ ಕೆಲಸಕ್ಕೆ ಹೋಗಿಬರುವ ಮಂಡ್ಯ, ಮದ್ದೂರಿನವರನ್ನು ನೋಡಿ. ಅವರನ್ನು ಯಾರೂ ಬಳಗ ಮಾಡಿಕೊಳ್ಳಿ ಎಂದು ಕರೆದಿಲ್ಲ. ರೈಲು ಅದೇ ಹೊತ್ತಿಗೆ ಬರುತ್ತದೆ, ಅವರು ಅದೇ ಬೋಗಿ ಹತ್ತುತ್ತಾರೆ, ಪಕ್ಕದಲ್ಲಿ ಅವರೇ ಇರುತ್ತಾರೆ. ಒಬ್ಬರ ಮಗಳ ಮದುವೆಗೆ ಇಡೀ ಬೋಗಿ ಹೋಗುವಷ್ಟು ಹತ್ತಿರವಾಗುತ್ತಾರೆ. ನಿಮ್ಮ ಬಳಗಕ್ಕೂ ಆ ವೇಳಾಪಟ್ಟಿ ಬೇಕು. ಇಬ್ಬರೇ ಬಂದರೂ ನಡೆಸಿ. ರದ್ದು ಮಾಡಿದರೆ, ಬಾರದಿದ್ದ ಹತ್ತು ಜನರಿಗೆ ಏನೂ ಆಗುವುದಿಲ್ಲ, ಬಂದ ಇಬ್ಬರು ಕೈಬಿಟ್ಟುಹೋಗುತ್ತಾರೆ.

ನಮ್ಮಲ್ಲಿ ಒಬ್ಬರು ದೊಡ್ಡವರು ಇದಾರೆ. ಬಾಯಿ ತೆಗೆದ್ರೆ ಮುಗಿಸಲ್ಲ. ಹಿರಿಯರಿಗೆ ಹೇಗೆ ಹೇಳೋದು?

ಮಾತು ನಿಲ್ಲಿಸಿ ಅನ್ನಬೇಡಿ, ಮಾತನ್ನು ದಾಟಿಸಲು ಅವರಿಗೇ ಹೇಳಿ. "ಸಾರ್, ನೀವು ಹೇಳಿದ ಆ ಕಾಲದ ಬ್ಯಾಂಕಿನ ಕೆಲಸಕ್ಕೂ ಈಗಿನದಕ್ಕೂ ಏನು ವ್ಯತ್ಯಾಸ ಅಂತ ಈ ಹುಡುಗಿಯನ್ನ ನೀವೇ ಕೇಳಿ, ಅವಳೂ ಬ್ಯಾಂಕಿನಲ್ಲೇ ಇರೋದು." ಹಿರಿತನಕ್ಕೆ ಮರ್ಯಾದೆಯೂ ಉಳಿಯಿತು, ಮಾತೂ ಕೈ ದಾಟಿತು. ಇದು ಸಾಗದಿದ್ದರೆ ಒಬ್ಬರೇ ಸಿಕ್ಕಾಗ ಹೇಳಿ, ಎಲ್ಲರೆದುರು ಬೇಡ.

ನಿವೃತ್ತರಾಗಿ ಮೈಸೂರಿಗೆ ಬಂದು ನೆಲೆಸಿದ ಎಷ್ಟೋ ಹಿರಿಯರಿಗೆ ವಾರವಿಡೀ ಮಾತಾಡಲು ಯಾರೂ ಇರುವುದಿಲ್ಲ. ಶನಿವಾರ ಬಂದಾಗ ಏಳು ದಿನದ ಮಾತು ಒಟ್ಟಿಗೆ ಬರುತ್ತದೆ. ವಾರದ ಮಧ್ಯೆ ಒಬ್ಬರು ಫೋನ್ ಮಾಡಿ ಮಾತಾಡಿಸಿದರೆ ಶನಿವಾರದ ಮಾತು ತಾನಾಗಿ ಕಡಿಮೆಯಾಗುತ್ತದೆ. ನಮ್ಮಲ್ಲಿ ಇದು ನಿಜಕ್ಕೂ ಕೆಲಸ ಮಾಡಿತು.

ಹೆಂಗಸರು ಬರ್ತಾರೆ, ಆದ್ರೆ ಬಾಯಿ ಬಿಡಲ್ಲ. ಯಾಕೆ ಅಂತ ಗೊತ್ತಾಗ್ತಿಲ್ಲ.

ಮೊದಲು ಗಡಿಯಾರ ನೋಡಿ. ಸಂಜೆ ಆರೂವರೆಗೆ ಸೇರಿದರೆ ಅವರ ಅರ್ಧ ಮನಸ್ಸು ರಾತ್ರಿಯ ಅಡುಗೆ ಮೇಲಿರುತ್ತದೆ. ಮಧ್ಯಾಹ್ನ ಮೂರೂವರೆಗೋ ಬೆಳಗ್ಗೆ ಹನ್ನೊಂದಕ್ಕೋ ಬದಲಾಯಿಸಿ. ಆಮೇಲೆ ಕಾಫಿ ಯಾರು ಮಾಡುತ್ತಾರೆ ನೋಡಿ. ಒಳಗೆ ಲೋಟ ಜೋಡಿಸುತ್ತಿರುವವರು ಹೊರಗಿನ ಮಾತಿನಲ್ಲಿ ಇರಲು ಹೇಗೆ ಸಾಧ್ಯ? ಕಾಫಿ ಗಂಡಸರ ಸರದಿಯಾಗಲಿ, ಲೋಟ ತೊಳೆಯುವುದೂ ಸೇರಿ. ಗಂಡ ಹೆಂಡತಿ ಇಬ್ಬರೂ ಬಂದರೆ ಬೇರೆ ಬೇರೆ ಗುಂಪಿನಲ್ಲಿ ಕೂರಿಸಿ. ಹೆಂಡತಿಯನ್ನು ಕೇಳಿದ್ದಕ್ಕೆ ಗಂಡ ಉತ್ತರ ಕೊಡಲು ಹೊರಟರೆ, "ಅವರೇ ಹೇಳ್ಲಿ ಇರಿ ಅಣ್ಣ" ಎಂದು ಅಲ್ಲೇ ತಡೆಯಿರಿ.

ಹೆಂಗಸರಿಗೆ ಸಭೆಯಲ್ಲಿ ಮಾತಾಡಿ ರೂಢಿಯಿಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. 2000-01ರಲ್ಲಿ ರಾಜ್ಯದಲ್ಲಿ ಸ್ತ್ರೀಶಕ್ತಿ ಯೋಜನೆ ಶುರುವಾದಾಗಿನಿಂದ ನಮ್ಮ ಹಳ್ಳಿಗಳಲ್ಲಿ ಹದಿನೈದು ಇಪ್ಪತ್ತು ಹೆಂಗಸರು ಸೇರಿ ವಾರವಾರ ಸಭೆ ನಡೆಸಿ, ಉಳಿತಾಯ, ಸಾಲ, ಕಂತು ಎಲ್ಲವನ್ನೂ ಮಾತಾಡಿ ತೀರ್ಮಾನಿಸುತ್ತ ಬಂದಿದ್ದಾರೆ. ಸಣ್ಣ ಗುಂಪನ್ನು ವರ್ಷಗಟ್ಟಲೆ ಒಟ್ಟಿಗಿಡುವುದು ಹೇಗೆ ಎಂದು ಕಲಿಯಬೇಕಾದರೆ ಅಂಥ ಸಂಘದ ಪುಸ್ತಕ ಬರೆಯುವ ಅಕ್ಕನನ್ನು ಹುಡುಕಿಕೊಂಡು ಹೋಗಿ ಕೇಳಿ.

ಬಳಗದವರು ಹೇಳಿದ್ದನ್ನ ಮನೆಗೆ ಬಂದು ಬರೆದಿಟ್ಕೊಳ್ಳೋದು ಕೃತಕ ಅಲ್ವಾ?

ಅಲ್ಲ. ಮಗನಿಗೆ ಎಸ್ಸೆಸ್ಸೆಲ್ಸಿ ಪರೀಕ್ಷೆ ಯಾವಾಗ, ಅತ್ತೆಗೆ ಕಣ್ಣಿನ ಆಪರೇಷನ್ ಯಾವ ದಿನ: ಇಷ್ಟು ಬರೆದಿಟ್ಟು, ಆ ದಿನ ಸಂಜೆ "ಹೇಗಾಯ್ತು?" ಎಂದು ಕೇಳಿ. ಗುಟ್ಟಾಗಿ ಹೇಳಿಕೊಂಡದ್ದನ್ನು ಮಾತ್ರ ಎಲ್ಲೂ ಬರೆಯಬೇಡಿ.

ಕನ್ನಡ ಅಷ್ಟಾಗಿ ಬಾರದ ಒಬ್ಬರು ಬರ್ತಾರೆ. ಅವರಿಗೋಸ್ಕರ ಎಲ್ಲರೂ ಇಂಗ್ಲಿಷ್‌ಗೆ ಇಳಿದುಬಿಡ್ತೀವಿ.

ಅವರು ಕನ್ನಡದವರ ನಡುವೆ ಇರಲೆಂದೇ ಬಂದಿರುತ್ತಾರೆ. ಕನ್ನಡದಲ್ಲೇ ಮಾತಾಡಿ, ಸ್ವಲ್ಪ ನಿಧಾನವಾಗಿ. ತಡವರಿಸಿದರೆ ಕಾಯಿರಿ, ಅವರ ವಾಕ್ಯವನ್ನು ನೀವು ಮುಗಿಸಬೇಡಿ.

## ಬಳಗ ಬೆಳೆದ ಮೇಲೆ

ಹೊಸಬರನ್ನ ಕರ್ಕೊಂಡು ಬಂದ್ರೆ ಹಳಬರ ಮುಖ ಸಣ್ಣಗಾಗುತ್ತೆ.

ಒಂದು ಸಲಕ್ಕೆ ಒಬ್ಬರನ್ನೇ ಕರೆತನ್ನಿ. ಕರೆತಂದವರು ಮೊದಲ ತಿಂಗಳು ಅವರ ಪಕ್ಕದಲ್ಲೇ ಕೂರಲಿ. ಪರಿಚಯಿಸುವಾಗ ಹುದ್ದೆ ಹೇಳಬೇಡಿ, ಕೊಂಡಿ ಹೇಳಿ: "ಇವರೂ ನಿಮ್ಮ ಹಾಗೆ ತಾರಸಿ ಮೇಲೆ ತರಕಾರಿ ಬೆಳೀತಾರೆ, ಬದನೆಗೆ ಹುಳ ಬಿದ್ದಿದೆಯಂತೆ." ಹುದ್ದೆ ಕೇಳಿದರೆ ಜನ ಎದ್ದು ನಿಲ್ಲುತ್ತಾರೆ, ಹುಳದ ಮಾತು ಕೇಳಿದರೆ ಪಕ್ಕಕ್ಕೆ ಸರಿದು ಜಾಗ ಕೊಡುತ್ತಾರೆ. ಹಳಬರು ತಮ್ಮತಮ್ಮಲ್ಲೇ ಹಳೆಯ ಕತೆಗೆ ನಗುತ್ತಿದ್ದರೆ, ಆ ಕತೆಯನ್ನು ಹೊಸಬರಿಗೆ ಒಬ್ಬರು ಬಿಡಿಸಿ ಹೇಳಬೇಕು.

ನಮ್ಮಂಥವರೇ ಹತ್ತು ಜನ ಇದ್ದೀವಿ. ಅಷ್ಟೇ ಸಾಕಲ್ವಾ?

ನೆಮ್ಮದಿಗೆ ಸಾಕು. ಆದರೆ ನಿಮಗೆ ಗೊತ್ತಿರುವುದೇ ಅವರಿಗೂ ಗೊತ್ತಿರುತ್ತದೆ. ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಬಾಸ್ಟನ್ ಬಳಿಯ ಊರೊಂದರಲ್ಲಿ ಕೆಲಸ ಬದಲಾಯಿಸಿದವರ ಬಗ್ಗೆ ಬರೆದರು. ಪರಿಚಯದವರ ಮೂಲಕ ಕೆಲಸ ಸಿಕ್ಕವರಲ್ಲಿ, ಆ ಪರಿಚಯದವರನ್ನು ಆಗಾಗ ಭೇಟಿಯಾಗುತ್ತಿದ್ದವರು 100ಕ್ಕೆ 17ರಷ್ಟು ಮಾತ್ರ. ಉಳಿದವರಿಗೆ ಸುದ್ದಿ ಬಂದದ್ದು ಆಗೊಮ್ಮೆ ಈಗೊಮ್ಮೆಯೋ ಅಪರೂಪಕ್ಕೋ ಕಾಣುವವರಿಂದ, ಏಕೆಂದರೆ ಅವರು ಓಡಾಡುವ ಲೋಕವೇ ಬೇರೆ.

ಕುವೆಂಪುನಗರದ ನಿವೃತ್ತ ಅಧ್ಯಾಪಕರು, ಹೆಬ್ಬಾಳದ ಕಾರ್ಖಾನೆಯಲ್ಲಿ ಪಾಳಿ ಮಾಡುವ ಹುಡುಗ, ಶ್ರೀರಂಗಪಟ್ಟಣದ ಕಬ್ಬು ಬೆಳೆಗಾರರು ಒಂದೇ ಗುಂಪಿನಲ್ಲಿ ಕೂತ ದಿನ, ಯಾವ ಉಪನ್ಯಾಸದಲ್ಲೂ ಸಿಗದಷ್ಟು ತಿಳಿಯುತ್ತದೆ. ಅವರನ್ನು ಕರೆಯಬೇಕಾದರೆ ಪಾಳಿ, ಬೆಳೆ ಕಟಾವು ನೋಡಿಕೊಂಡು ದಿನ ಇಡಬೇಕು. ವಾರವಾರ ಬರಲಾಗದವರು ತಿಂಗಳಿಗೊಮ್ಮೆ ಬಂದರೂ ಬಳಗದವರೇ.

ನಮ್ ಕಡೆ ಕಾವೇರಿ ಇಚಾರ ಬಂದ್ರೆ ಸಾಕು, ಮಾತು ಜಗಳಕ್ಕೆ ತಿರುಗುತ್ತೆ. ಏನ್ ಮಾಡದು ಸ್ವಾಮಿ?

ಮಂಡ್ಯದಲ್ಲಿ ಕಾವೇರಿ ಮಾತು ಬೇಡ ಎನ್ನುವುದು ಊಟ ಬೇಡ ಎಂದಂತೆ. ತಡೆಯಬೇಡಿ, ಎರಡು ಭಾಗ ಮಾಡಿ. ಒಂದು, ಎಲ್ಲರೂ ಒಪ್ಪಬೇಕಾದ ಅಂಕಿ: 2007ರಲ್ಲಿ ನ್ಯಾಯಮಂಡಳಿ ಕರ್ನಾಟಕಕ್ಕೆ 270 ಟಿಎಂಸಿ ಹಂಚಿತ್ತು, 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು 284.75ಕ್ಕೆ ಏರಿಸಿತು. ಇದನ್ನು ವಾದಿಸುವ ಅಗತ್ಯವಿಲ್ಲ, ಒಬ್ಬರು ನೋಡಿ ಹೇಳಿದರಾಯಿತು. ಇನ್ನೊಂದು, ಅವರವರ ಅನುಭವ. ಅಲ್ಲಿ ಅಭಿಪ್ರಾಯ ಕೇಳಬೇಡಿ, ನಡೆದದ್ದನ್ನು ಕೇಳಿ: "ನಿಮ್ಮ ಗದ್ದೆಗೆ ವಿ.ಸಿ. ನಾಲೆ ನೀರು ಈ ಸಲ ಯಾವಾಗ ಬಂತು? ನಾಟಿ ಎಷ್ಟು ದಿನ ತಡವಾಯ್ತು?" ನಾಲೆಯ ತುದಿಯ ರೈತ ತನ್ನ ಒಣಗಿದ ಪೈರಿನ ಬಗ್ಗೆ ಹೇಳುವಾಗ, ನಗರದ ನಲ್ಲಿ ನೀರಿನಲ್ಲಿ ಬೆಳೆದವರು ಸುಮ್ಮನೆ ಕೇಳಿಸಿಕೊಳ್ಳುತ್ತಾರೆ. ಪಕ್ಷದ ಹೆಸರು ಬಂದ ಕೂಡಲೇ ಅದೇ ಪ್ರಶ್ನೆಗೆ ಮಾತನ್ನು ಮರಳಿಸಿ.

ಬಳಗದಲ್ಲಿ ಒಬ್ಬರು ಪಾಲಿಸಿ ಮಾರೋಕೆ ಶುರು ಮಾಡಿದಾರೆ. ಇನ್ನೊಬ್ಬರು ಚೀಟಿಗೆ ಸೇರಿ ಅಂತಾರೆ.

ಅಂದೇ ನಿಲ್ಲಿಸಿ. ಒಮ್ಮೆ ದುಡ್ಡು ನಡುವೆ ಬಂತೆಂದರೆ, ಆಮೇಲೆ ಯಾರು "ಹೇಗಿದ್ದೀರಿ" ಎಂದರೂ ಅನುಮಾನ ಬರುತ್ತದೆ. ಕಷ್ಟಕ್ಕೆ ಕೈಗಡ ಬೇಕಾದರೆ ಅದು ಇಬ್ಬರ ನಡುವಿನ ವಿಷಯ, ಬಳಗದಲ್ಲಿ ಎತ್ತುವುದು ಬೇಡ.

ನಾನು ಊರಿಗೆ ಹೋದ್ರೆ ಆ ವಾರ ಯಾರೂ ಸೇರಲ್ಲ. ಇದು ಬಳಗ ಅನ್ನಿಸ್ಕೊಳ್ಳುತ್ತಾ?

ಇನ್ನೂ ಇಲ್ಲ. ಈಗಿರುವುದು ನಿಮ್ಮನ್ನು ಬಲ್ಲ ಹತ್ತು ಜನ. ಬಳಗ ಬೆಳೆದಿದೆಯೇ ಎಂದು ಅಳೆಯಲು ನಾನು ತಲೆ ಎಣಿಸುವುದಿಲ್ಲ. ನಿಮಗೆ ತಿಳಿಯದೆ ಒಬ್ಬರಿಗೊಬ್ಬರು ಫೋನ್ ಮಾಡುವ ಜೋಡಿಗಳು ಎಷ್ಟಿವೆ ಎಂದು ನೋಡುತ್ತೇನೆ. ಅಂಥ ಜೋಡಿ ಒಂದೂ ಇಲ್ಲದಿದ್ದರೆ ಐವತ್ತು ಜನ ಬಂದರೂ ಬೆಳೆದಿಲ್ಲ. ಐದಾರು ಜೋಡಿ ಇದ್ದರೆ ಹತ್ತೇ ಜನರಾದರೂ ಬೆಳೆದಿದೆ.

ಅದಕ್ಕೆ ಮಾಡಬೇಕಾದ್ದು ಹೆಚ್ಚೇನಿಲ್ಲ. ನಿಮ್ಮನ್ನು ಕೇಳಿದ್ದಕ್ಕೆಲ್ಲ ನೀವೇ ಉತ್ತರ ಕೊಡಬೇಡಿ. "ಮಂಡಿನೋವಿಗೆ ಒಳ್ಳೆ ಡಾಕ್ಟರು ಯಾರು?" ಎಂದರೆ, ಗೊತ್ತಿದ್ದರೂ "ಶಾಂತಕ್ಕ ಹೋದ ವರ್ಷ ತೋರಿಸಿಕೊಂಡಿದ್ರು, ಅವರಿಗೇ ಒಂದು ಫೋನ್ ಮಾಡಿ" ಎನ್ನಿ. ದಿನ, ಹೊತ್ತು ಅದೇ ಇರಲಿ, ಈ ಹಂತದಲ್ಲಿ ಕೂರುವ ಮನೆ ಮಾತ್ರ ಸರದಿಯಲ್ಲಿ ಬದಲಾಗಲಿ. ತಿಂಗಳಿಗೊಮ್ಮೆ ಇಬ್ಬಿಬ್ಬರಿಗೆ ಒಂದು ಕೆಲಸ ಕೊಡಿ: ದೇವರಾಜ ಮಾರುಕಟ್ಟೆಗೆ ಹೋಗಿ ಎಲ್ಲರಿಗೂ ಹಣ್ಣು ತರುವುದು, ಹುಷಾರಿಲ್ಲದವರನ್ನು ನೋಡಿ ಬರುವುದು. ದಾರಿಯ ಮಾತು ಸಭೆಯ ಮಾತಿಗಿಂತ ಒಳಗಿನದು. ಆಮೇಲೆ ಒಂದು ವಾರ, ಊರಲ್ಲೇ ಇದ್ದರೂ, ನೀವು ಹೋಗಬೇಡಿ.

ಬರ್ತಿದ್ದೋರು ಇದ್ದಕ್ಕಿದ್ದ ಹಾಗೆ ನಿಲ್ಲಿಸಿಬಿಟ್ರೆ?

ಎರಡನೇ ವಾರವೂ ಬಾರದಿದ್ದರೆ ಫೋನ್ ಮಾಡಿ. ಮೆಸೇಜ್ ಸಾಲದು. "ಯಾಕೆ ಬರ್ಲಿಲ್ಲ?" ಎಂದು ಶುರು ಮಾಡಬೇಡಿ. ಅವರು ಕೊನೆಯ ಸಲ ಹೇಳಿದ್ದನ್ನು ನೆನಪಿಸಿ ಕೇಳಿ. ಯಾರದೋ ಮಾತಿನಿಂದ ನೋವಾಗಿದೆ ಎಂದರೆ, ಸಮಜಾಯಿಷಿ ಹೇಳದೆ ಪೂರ್ತಿ ಕೇಳಿಸಿಕೊಳ್ಳಿ. ಮತ್ತೆ ಬರುವುದು ಬಿಡುವುದು ಅವರ ಇಷ್ಟಕ್ಕೆ ಬಿಡಿ.

ಈಗ ಇಪ್ಪತ್ತು ಜನ ಆಗಿದ್ದೀವಿ. ಎರಡು ಮಾಡಿದ್ರೆ ಮನಸ್ಸು ಮುರಿಯುತ್ತೇನೋ?

ನೀವು ಕೂತು ಪಟ್ಟಿ ಹಾಕಿದರೆ ಮುರಿಯುತ್ತದೆ. ಬೇರೆ ದಿನ, ಬೇರೆ ಬಡಾವಣೆಯಲ್ಲಿ ಇನ್ನೊಂದು ಕೂಟ ಶುರು ಮಾಡಿ, ಯಾರಿಗೆ ಯಾವುದು ಹತ್ತಿರವೋ ಅಲ್ಲಿಗೆ ಹೋಗಲಿ. ಎರಡಕ್ಕೂ ಬರುವವರು ಒಬ್ಬಿಬ್ಬರು ಇದ್ದೇ ಇರುತ್ತಾರೆ, ಅವರನ್ನು ತಡೆಯಬೇಡಿ, ಇಲ್ಲಿಯ ಸುದ್ದಿ ಅಲ್ಲಿಗೆ ಮುಟ್ಟುವುದು ಅವರಿಂದಲೇ. ಹೊಸ ಕೂಟದ ಜವಾಬ್ದಾರಿ ಹೆಚ್ಚು ಮಾತಾಡುವವರಿಗೆ ಬೇಡ, ಹೆಚ್ಚು ಕೇಳಿಸಿಕೊಳ್ಳುವವರಿಗೆ ಕೊಡಿ. ತಿಂಗಳಿಗೊಮ್ಮೆ ಎರಡೂ ಕಡೆಯವರು ಬುತ್ತಿ ಕಟ್ಟಿಕೊಂಡು ಒಂದು ಕಡೆ ಸೇರಿ ಉಣ್ಣುವುದನ್ನು ಮಾತ್ರ ಬಿಡಬೇಡಿ.